ಬೈಕ್ ಸೀಟಿನೊಳಗೆ ನಿಂತ ನೀರು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬೈಕುಗಳ ಬಗ್ಗೆ ಬರುವುದನ್ನೆಲ್ಲ ಬಿಡದೆ ಓದುತ್ತೇನೆ. ಹೊಸ ಮಾಡೆಲ್ಲು, ಮೈಲೇಜು, ಬ್ರೇಕು, ಬಣ್ಣ, ಎಲ್ಲ ಇರುತ್ತದೆ. ಹರಿದ ಸೀಟಿನ ಬಗ್ಗೆ ಮಾತ್ರ ಒಂದು ಸಾಲೂ ಕಂಡಿಲ್ಲ. ರಸ್ತೆ ಬದಿ ನಿಂತ ಬೈಕುಗಳನ್ನು ಒಮ್ಮೆ ನೋಡಿ. ಒಂದರ ಸೀಟಿಗೆ ಕಪ್ಪು ಟೇಪು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ, ಮತ್ತೊಂದರ ಮೇಲೆ ಹಳೆ ಟವಲ್ಲು. ನನ್ನ ಬೈಕೂ ಆ ಸಾಲಿನಲ್ಲೇ ಎರಡು ಮಳೆಗಾಲ ನಿಂತಿತ್ತು, ಹಾಗಾಗಿ ಯಾರನ್ನೂ ಆಡಿಕೊಳ್ಳುತ್ತಿಲ್ಲ.

ಶುರುವಾಗಿದ್ದು ಹೊಲಿಗೆ ಪಕ್ಕ ಉಗುರಿನಷ್ಟು ಉದ್ದದ ಸೀಳಿನಿಂದ. ಅಷ್ಟೇ ತಾನೇ ಅಂತ ಬಿಟ್ಟೆ. ಆಮೇಲೆ ಮಳೆ ಬಂತು. ಮಳೆ ನಿಂತು, ಬಿಸಿಲು ಬಿದ್ದು, ಸೀಟಿನ ಮೇಲೆ ಕೈಯಾಡಿಸಿದರೆ ಒಣಗಿಯೇ ಇದೆ, ಆದರೆ ಕೂತ ಎರಡು ನಿಮಿಷಕ್ಕೆ ಪ್ಯಾಂಟು ಒದ್ದೆ. ಕಚೇರಿಗೆ ಹೋಗಿ ಯಾರಿಗೂ ಬೆನ್ನು ತೋರಿಸದೆ ಗೋಡೆ ಹಿಡಿದು ನಡೆಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಸರ್ವೀಸಿಗೆ ಬಿಟ್ಟ ಕಡೆ ಕೇಳಿದರೆ, ಕವರ್ ಒಂದೇ ಸಿಗಲ್ಲ, ಇಡೀ ಸೀಟೇ ಬದಲಾಯಿಸಬೇಕು ಅಂದರು. ಒಳಗಿನ ತಳ ಗಟ್ಟಿಯಾಗಿತ್ತು, ಲಾಕು ಸರಿಯಿತ್ತು, ಮುಕ್ಕಾಲು ಪಾಲು ಫೋಮು ಚೆನ್ನಾಗಿತ್ತು. ಬೆರಳುದ್ದಕ್ಕೆ ಬೆಳೆದ ಸೀಳಿಗೆ ಇಷ್ಟನ್ನೂ ಎಸೆಯಬೇಕಾ? ಸಿಟ್ಟು ಬಂತು. ನಾನೇ ಮಾಡುತ್ತೇನೆ ಅಂತ ಮನೆಗೆ ತಂದೆ. ಮಾಡಿದೆ, ಎರಡು ಸಲ. ಮೊದಲನೆಯ ಸಲ ಪೂರ್ತಿ ತಪ್ಪಾಗಿ ಮಾಡಿದ್ದರಿಂದಲೇ ಈ ಪತ್ರ.

ಮೊದಲ ಸಲ ಏನು ಮಾಡಿದೆ ಅಂದರೆ, ರೆಡಿಮೇಡ್ ಕವರ್ ತಂದು ಅದೇ ಸಂಜೆ ಎಳೆದು ತಳಕ್ಕೆ ಸ್ಟೇಪ್ಲರ್ ಪಿನ್ನು ಹೊಡೆದುಬಿಟ್ಟೆ. ಫೋಮು ಒದ್ದೆಯಿತ್ತು, ಗೊತ್ತಿತ್ತು, ತಾನಾಗೇ ಒಣಗುತ್ತೆ ಬಿಡು ಅಂದುಕೊಂಡೆ. ಸೀಟು ಫಳಫಳ ಹೊಳೆಯಿತು. ಮೂರನೇ ವಾರಕ್ಕೆ ಮುಗ್ಗಲು ವಾಸನೆ. ತಳದ ಪಿನ್ನುಗಳೆಲ್ಲ ತುಕ್ಕು ಹಿಡಿದು ಕಂದು ಬಣ್ಣದ ನೀರು ಇಳಿಯತೊಡಗಿತು. ನೀರು ಬರುವ ದಾರಿ ಮುಚ್ಚಿದ್ದೆ, ಆದರೆ ಹೋಗುವ ದಾರಿಯೂ ಅದೇ ಆಗಿತ್ತು ಅನ್ನುವುದು ಹೊಳೆದಿರಲಿಲ್ಲ.

ಸೀಟಿನ ಫೋಮು ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನದು. ಅದರೊಳಗಿನ ಸಣ್ಣ ಸಣ್ಣ ಗೂಡುಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ನಾವು ಕೂತಾಗ ಗಾಳಿ ಹೊರಗೆ, ಎದ್ದಾಗ ಗಾಳಿ ಒಳಗೆ. ಸೀಳಿನ ಮೇಲೆ ನೀರು ನಿಂತಿದ್ದರೆ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಅಂದರೆ ಮಳೆಯಲ್ಲಿ ಓಡಿಸುತ್ತಾ ಪ್ರತಿ ಗುಂಡಿಗೂ ಎದ್ದು ಕೂತು ಸೀಟಿಗೆ ನಾವೇ ನೀರು ಪಂಪ್ ಮಾಡುತ್ತಿರುತ್ತೇವೆ. ಪ್ಲಾಸ್ಟಿಕ್ ಚೀಲ ಕಟ್ಟುವವರು ಇದನ್ನು ಗಮನಿಸಬೇಕು. ಒಣಗಿದ ಸೀಟಿಗೆ ಕಟ್ಟಿದರೆ ಸರಿ, ಒದ್ದೆ ಸೀಟಿಗೆ ಕಟ್ಟಿದರೆ ಒಳಗಿನ ನೀರಿಗೇ ಮುಚ್ಚಳ ಹಾಕಿದಂತೆ.

ಎರಡನೇ ಸಲ ಅವಸರ ಮಾಡಲಿಲ್ಲ. ಸೀಟು ಬಿಚ್ಚಿ ತಲೆಕೆಳಗು ಮಾಡಿ, ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ, ಯಾವ ಮಡಿಕೆ ಎಲ್ಲಿತ್ತು ಅಂತ ಆಮೇಲೆ ಖಂಡಿತ ಮರೆತುಹೋಗುತ್ತದೆ. ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಇಕ್ಕಳದಿಂದ ಎಳೆಯಬೇಕು. ನೂರು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಕಣ್ಣಿಗೆ ಕನ್ನಡಕ ಇರಲಿ, ಒಂದು ಪಿನ್ನು ಹಾರಿ ನನ್ನ ಕೆನ್ನೆಗೆ ಬಡಿಯಿತು. ಕವರ್ ಬಿಚ್ಚಿದರೆ ಫೋಮಿನ ಮೂಲೆಯಲ್ಲಿ ಇರುವೆ ಗೂಡು! ನಾನು ಅವುಗಳ ಮನೆಯ ಮೇಲೆ ದಿನಾ ಕೂತು ಓಡಾಡುತ್ತಿದ್ದೆ.

ಫೋಮನ್ನು ಅಂಗೈಯಿಂದ ಒತ್ತಿದೆ. ಕಂದು ನೀರು ಬೆರಳ ಸಂದಿಯಿಂದ ಹರಿಯಿತು. ಒತ್ತಿ ಒತ್ತಿ, ಹಳೆ ಬಟ್ಟೆಯಿಂದ ಹೀರಿಸಿ, ಆಮೇಲೆ ನೆರಳಲ್ಲಿ ನಿಲ್ಲಿಸಿ ಫ್ಯಾನ್ ಹಾಕಿದೆ. ಮಲಗಿಸಿಡಬೇಡಿ, ನಿಲ್ಲಿಸಿದರೆ ನೀರು ತಾನಾಗಿ ಕೆಳಗಿಳಿಯುತ್ತದೆ. ದಿನಗಟ್ಟಲೆ ಬಿಸಿಲಿಗೆ ಇಡುವುದೂ ಬೇಡ, ಬಿಸಿಲು ಬಿದ್ದ ಕಡೆ ಈ ಫೋಮು ಹಳದಿಯಾಗಿ, ಉಜ್ಜಿದರೆ ಪುಡಿಯಾಗುತ್ತದೆ. ಎರಡು ದಿನಕ್ಕೆ ಮೇಲೆಲ್ಲ ಒಣಗಿತ್ತು. ಒಣಗಿದ ಟಿಶ್ಯೂ ಪೇಪರ್ ಇಟ್ಟು ಮೊಣಕಾಲಿನಿಂದ ಒತ್ತಿದರೆ ಪೇಪರ್ ಮತ್ತೆ ಒದ್ದೆ. ನಾಲ್ಕನೇ ದಿನ ಪೇಪರ್ ಒಣಗಿಯೇ ಉಳಿಯಿತು. ರಿಪೇರಿ ಅಂದರೆ ಮುಕ್ಕಾಲು ಪಾಲು ಈ ನಾಲ್ಕು ದಿನವೇ, ಉಳಿದದ್ದು ಒಂದು ಮಧ್ಯಾಹ್ನದ ಕೆಲಸ.

ಕುಸಿದುಹೋದ ಜಾಗದ ಫೋಮು ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಮೆತ್ತಗಿರುವ ಫೋಮು ಹುಡುಕುವುದು. ದಿಂಬಿನಂಥ ಫೋಮು ಮೊದಲ ಹತ್ತು ನಿಮಿಷ ಸುಖ, ಅರ್ಧ ಗಂಟೆಗೆ ತಳದ ಪ್ಲಾಸ್ಟಿಕ್ಕೇ ಒತ್ತುತ್ತದೆ. ಮೂಲ ಫೋಮಿನಷ್ಟೇ ಬಿಗಿ ಇರುವುದನ್ನು ಹಾಕಿ. ಗಮ್ಮನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಕೂರುವ ಮೇಲ್ಮೈಗೆ ಗಮ್ ಬರದಂತೆ ನೋಡಿಕೊಳ್ಳಿ, ಆರಿದ ಗಮ್ಮಿನ ಗೆರೆ ಕವರಿನ ಮೇಲಿಂದಲೂ ಚುಚ್ಚುತ್ತದೆ. ಅಂಚು ಸಮ ಮಾಡಲು 60 ನಂಬರಿನ ಸ್ಯಾಂಡ್ ಪೇಪರ್ ಸಾಕು.

ರೆಕ್ಸಿನ್ ಬಗ್ಗೆ ಒಂದು ಮಾತು. ಅದು ಮೊದಲು ಇಂಗ್ಲೆಂಡಿನ ಒಂದು ತೊಗಲಿನಂಥ ಬಟ್ಟೆಯ ಬ್ರಾಂಡ್ ಹೆಸರು, ಈಗ ನಾವು ಎಲ್ಲಕ್ಕೂ ಅದನ್ನೇ ಅನ್ನುತ್ತೇವೆ. ಇವತ್ತಿನ ಸೀಟಿನ ಮೇಲಿರುವುದು ಹೆಚ್ಚಾಗಿ ಪಿವಿಸಿ ಅನ್ನುವ ಪ್ಲಾಸ್ಟಿಕ್. ಪಿವಿಸಿ ತಾನಾಗಿ ಮೆತ್ತಗಿರಲ್ಲ, ಮೆತ್ತಗಾಗಲು ಎಣ್ಣೆಯಂಥದ್ದೊಂದನ್ನು ಸೇರಿಸಿರುತ್ತಾರೆ. ಬಿಸಿಲಿನ ಕಾವಿಗೆ ಅದು ಮೆಲ್ಲಗೆ ಹೊರಟುಹೋಗಿ ಹೊದಿಕೆ ಗಟ್ಟಿಯಾಗಿ ಸೀಳುತ್ತದೆ, ಅದೂ ಸೂಜಿ ತೂತುಗಳ ಸಾಲಿನಲ್ಲೇ ಮೊದಲು. ಹೊಳಪಿನ ಪಾಲಿಶ್ ಹಚ್ಚಿದರೆ ಆ ಮೆತ್ತನೆ ವಾಪಸ್ ಬರಲ್ಲ, ಸೀಟು ಸುಮ್ನೆ ಜಾರುತ್ತದೆ, ಮುಂದೆ ತೇಪೆ ಹಾಕಲು ಹೋದರೆ ಗಮ್ ಹಿಡಿಯುವುದೂ ಇಲ್ಲ. ಕೊಳ್ಳುವಾಗ ಹಿಂಬದಿ ನೋಡಿ. ಬನಿಯನ್ ಬಟ್ಟೆಯಂತೆ ಹೆಣೆದಿದ್ದರೆ ಎಲ್ಲ ಕಡೆಗೂ ಎಳೆಯುತ್ತದೆ, ಬರಿ ನೇಯ್ದ ಬಟ್ಟೆಯಿದ್ದರೆ ಮೂಲೆಗಳಲ್ಲಿ ಸುಕ್ಕು ಗ್ಯಾರಂಟಿ.

ಹೊಸ ಕವರ್ ಹೊಲಿಯುವವರಿಗೆ ಪಾಲಿಯೆಸ್ಟರ್ ದಾರ ಕೊಡಿ, ಹತ್ತಿ ದಾರ ಕೊಳೆಯುತ್ತದೆ. ಹೊಲಿಗೆ ತೀರಾ ಒತ್ತೊತ್ತಾಗಿ ಬೇಡ, ತೂತು ಜಾಸ್ತಿಯಾದಷ್ಟೂ ಅಂಚೆ ಚೀಟಿಯಂತೆ ಅದೇ ಗೆರೆಯಲ್ಲಿ ಹರಿಯುತ್ತದೆ. ನಾನು ಹೊಲಿಗೆಯ ಒಳಬದಿಗೆ ನೀರು ತಡೆಯುವ ಟೇಪ್ ಅಂಟಿಸಿದೆ. ಕೆಲವರು ಫೋಮಿಗೇ ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ನನಗೆ ಅದು ಅಷ್ಟು ಸರಿ ಕಾಣಲ್ಲ, ಹಾಳೆ ಒಂದು ಕಡೆ ತೂತಾದರೆ ಮತ್ತೆ ಅದೇ ಕಥೆ.

ಕವರ್ ಎಳೆಯುವ ಕೆಲಸಕ್ಕೆ ಇಬ್ಬರು ಬೇಕು. ತಮ್ಮ ಎಳೆದು ಹಿಡಿದ, ನಾನು ಪಿನ್ನು ಹೊಡೆದೆ, ಮಧ್ಯೆ ಮಧ್ಯೆ ಬೈದಾಡಿಕೊಂಡೆವು. ರೆಕ್ಸಿನ್ ಮೊದಲು ಸ್ವಲ್ಪ ಹೊತ್ತು ಬಿಸಿಲಲ್ಲಿ ಇಡಿ, ಇಲ್ಲ ಹೇರ್ ಡ್ರೈಯರ್ ಹಿಡಿಯಿರಿ, ಬಗ್ಗುತ್ತದೆ. ಮುಂದೆ ಮಧ್ಯದಲ್ಲಿ ಒಂದು, ಹಿಂದೆ ಮಧ್ಯದಲ್ಲಿ ಒಂದು, ಆಮೇಲೆ ಎರಡೂ ಪಕ್ಕ ಎದುರುಬದುರು, ಮಧ್ಯದಿಂದ ಮೂಲೆಗೆ. ಒಂದೇ ಬದಿಯನ್ನು ಮುಗಿಸಿ ಇನ್ನೊಂದು ಬದಿಗೆ ಹೋದರೆ ಹೊಲಿಗೆ ಸೊಟ್ಟಗಾಗುತ್ತದೆ. ಪಿನ್ನಿನ ಉದ್ದ ನನಗೆ ಸರಿಹೋದದ್ದು 6 ಮಿಲಿಮೀಟರ್. ಮೊದಲ ಸಲ 10ರದ್ದು ತಂದಿದ್ದೆ, ಅರ್ಧ ಒಳಗೆ ಅರ್ಧ ಹೊರಗೆ ನಿಂತು ಕೈ ಗೀರಿತು. ಸ್ಟೇನ್‌ಲೆಸ್ ಪಿನ್ನು ಸಿಕ್ಕರೆ ಅದನ್ನೇ ಹಾಕಿ. ತಳದಲ್ಲಿ ನೀರು ಇಳಿಯಲು ತೂತುಗಳಿದ್ದರೆ ಅವುಗಳ ಮೇಲೆ ಕವರ್ ಬರದಿರಲಿ. ಕೂರಿಸಿದ ಮೇಲೆ ಓಡಿಸುವ ಮುಂಚೆ ಸೀಟನ್ನು ಜೋರಾಗಿ ಎತ್ತಿ ನೋಡಿ. ಹೊಸ ಕವರಿನ ಮಡಿಕೆ ಅಡ್ಡ ಬಂದು ನನ್ನ ಸೀಟಿನ ಮುಂದಿನ ಕೊಕ್ಕೆ ಸರಿಯಾಗಿ ಕೂತಿರಲಿಲ್ಲ.

ಇಷ್ಟೆಲ್ಲ ಬೇಡ, ಸೀಳು ಇನ್ನೂ ಉಗುರಿನಷ್ಟೇ ಇದೆ ಅನ್ನುವವರು ಇವತ್ತೇ ಕೆಲಸ ಮುಗಿಸಿ. ಸೋಪು ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ಸೀಳಿನ ಒಳಗೆ ಅದಕ್ಕಿಂತ ಅಗಲದ ಬಟ್ಟೆ ತೂರಿಸಿ, ಆರಿದ ಮೇಲೂ ಬಗ್ಗುವ, ರೆಕ್ಸಿನ್ ಅಂಟಿಸುವ ವಿನೈಲ್ ಗಮ್ ಹಚ್ಚಿ. ಕ್ಷಣದಲ್ಲಿ ಅಂಟುವ ಗಮ್ ಬೇಡವೇ ಬೇಡ, ಅದು ಕಲ್ಲಾಗಿ ಪಕ್ಕದಲ್ಲೇ ಹೊಸ ಸೀಳು ಮಾಡುತ್ತದೆ. ಕರೆಂಟ್ ಟೇಪು ಎರಡು ದಿನಕ್ಕೆ ಓಕೆ, ಬಿಸಿಲಿಗೆ ಅದರ ಅಂಟು ಕರಗಿ ಪ್ಯಾಂಟಿಗೆ ಬರುತ್ತದೆ.

ಸಂಪಾದಕರೇ, ಬೈಕ್ ಮಾಡುವವರನ್ನು ನಿಮ್ಮ ವರದಿಗಾರರು ಆಗಾಗ ಭೇಟಿಯಾಗುತ್ತಾರಲ್ವಾ, ಒಂದು ಪ್ರಶ್ನೆ ನನ್ನ ಪರವಾಗಿ ಕೇಳಲಿ. ಕವರ್, ಫೋಮು, ತಳ ಮೂರನ್ನೂ ಬೇರೆ ಬೇರೆಯಾಗಿ ಮಾರಲು ಏನು ಅಡ್ಡಿ? ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿ ಚೈನಿಗೆ ಎಣ್ಣೆ ಬಿಡುವುದನ್ನು ಚಿತ್ರ ಸಮೇತ ಬರೆದಿರುತ್ತಾರೆ, ಸೀಟಿಗೆ ಯಾವ ಅಳತೆಯ ಪಿನ್ನು ಅಂತ ಅದೇ ಪುಟದಲ್ಲಿ ಒಂದು ಸಾಲು ಸೇರಿಸಿದರೆ ನನ್ನಂಥವರ ಕೈ ಗೀರುವುದಿಲ್ಲ.

ಇಂತಿ,
ಒಬ್ಬ ಓದುಗ