ಗುಡ್ಡಕ್ಕೆ ತಗಡಿನ ಶೆಡ್ಡು ಬೇಡ, ಮಣ್ಣಿನ ಮಾಳಿಗೆ ಕಟ್ಟಿ

ಸಂಪಾದಕರಿಗೆ ನಮಸ್ಕಾರ.

ನಾನು ಗಂಗಾವತಿಯಲ್ಲಿ ಸಿಮೆಂಟು, ಕಬ್ಬಿಣ, ತಗಡು ಮಾರುವವನು. ತಗಡಿನ ವ್ಯಾಪಾರಿಯೇ ತಗಡು ಬೇಡ ಅಂತ ಪತ್ರ ಬರೆದರೆ ನಿಮಗೆ ನಗು ಬರಬಹುದು. ಬರಲಿ. ಕಳೆದ ಮೇ ತಿಂಗಳಲ್ಲಿ ಹಿರೇಬೆಣಕಲ್ ಗುಡ್ಡ ಹತ್ತಿ ಪಟ್ಟ ಪಾಡು ಮಾತ್ರ ನನಗೆ ಇನ್ನೂ ಮರೆತಿಲ್ಲ.

ಬೆಂಗಳೂರಿನಿಂದ ನಮ್ಮ ಸಣ್ಣಮ್ಮ, ಅವರ ಮಗಳು, ಮೊಮ್ಮಕ್ಕಳು ಬಂದಿದ್ದರು. ಗಂಗಾವತಿಯಿಂದ ಬರೀ ಹತ್ತು ಕಿಲೋಮೀಟರ್, ಮೋರ್ಯರ ಮನೆ, ಅಂದರೆ ಅಲ್ಲಿನ ಚಪ್ಪಡಿ ಕಲ್ಲಿನ ಹಳೆಯ ಮನೆಗಳನ್ನು, ನೋಡದೆ ಹೋಗುವುದುಂಟಾ ಅಂತ ನಾನೇ ಹೊರಡಿಸಿದೆ. ಆರಕ್ಕೆ ಹೊರಡಬೇಕಿತ್ತು, ಒಗ್ಗರಣಿ ಮಿರ್ಚಿ ತಿಂದು ಚಹಾ ಕುಡಿದು ಹೊರಡುವಷ್ಟರಲ್ಲಿ ಎಂಟೂವರೆ. ಮೇಲೆ ಮುಟ್ಟಿದಾಗ ಹತ್ತೂವರೆ, ಬಂಡೆ ಆಗಲೇ ರೊಟ್ಟಿ ಹಂಚಿನಂತೆ ಕಾದಿತ್ತು. ಬಾಟಲಿ ನೀರಿಗೆ ಚಹಾಪುಡಿ ಹಾಕಿದ್ದರೆ ಸಾಕಿತ್ತು. ಸಣ್ಣಮ್ಮನಿಗೆ ತಲೆ ಸುತ್ತು ಬಂತು. "ಯಪ್ಪಾ, ನಾ ಇಲ್ಲೇ ಸ್ವಲ್ಪ ಕುಂದರ್ತೀನಪ್ಪ" ಅಂದವರೇ ಒಂದು ಕಲ್ಲಿನ ಮನೆಯೊಳಗೆ ಬಗ್ಗಿ ಹೋಗಿ ಚಪ್ಪಡಿಗೆ ಬೆನ್ನು ಕೊಟ್ಟು ಕೂತರು.

ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಚಪ್ಪಡಿ. ಸತ್ತವರ ನೆನಪಿಗೆ ನಿಲ್ಲಿಸಿದ್ದು. ಇಂಥವು ಆ ಗುಡ್ಡದಲ್ಲಿ ನೂರಾರಿವೆ, 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಅದಕ್ಕೆ ಹೀಗೆ ಒರಗಬಾರದು ಅಂತ ನನಗೂ ಗೊತ್ತು. ಆದರೆ ಎಬ್ಬಿಸಿ ಎಲ್ಲಿ ಕೂರಿಸಲಿ? ಪಕ್ಕದ ಚಪ್ಪಡಿಯಲ್ಲಿ ಯಾರೋ ಇದ್ದಿಲಲ್ಲಿ ಹೆಸರು ಗೀಚಿದ್ದರು, ಅವರೂ ನೆರಳಿಗೆ ಅಂತಲೇ ಬಂದು ಕೂತಿರಬೇಕು.

ಆದ್ದರಿಂದ ಅಲ್ಲಿಗೊಂದು ತಂಗುಮನೆ ಬೇಕೇ ಬೇಕು. ಗುಡ್ಡದ ನೆತ್ತಿಯಲ್ಲಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೆ ಅನುಮತಿ ಬೇಕು, ಈ ನಿಯಮ ಸರಿಯಾಗಿಯೇ ಇದೆ. ಹತ್ತುವ ದಾರಿಯಲ್ಲಿ, ಆ ಗಡಿಯ ಹೊರಗೆ ಒಂದು, ಬುಡದಲ್ಲಿ ಒಂದು ಆದರೆ ಸಾಕು.

ನನಗಿರುವ ಭಯ ಬೇರೆ. ನಮ್ಮ ಕಡೆಯ ಇನ್ನೊಂದು ಗುಡ್ಡದ ಹತ್ತಿರ ಬಂದವರಿಗೆ ಅಂತ ಶೆಡ್ಡು ಹಾಕಿದ್ದಾರೆ. ಕಬ್ಬಿಣದ ಕಂಬ, ಮೇಲೆ ತಗಡು, ಕೆಳಗೆ ಸ್ಟೀಲ್ ಬೆಂಚು. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದೆ, ಒಳಗೆ ಒಬ್ಬರೂ ಇಲ್ಲ, ಜನರೆಲ್ಲ ಆಚೆ ಬೇವಿನ ಮರದ ಕೆಳಗೆ. ನಾಯಿ ಕೂಡ ಆ ಶೆಡ್ಡಿಗೆ ಹೋಗಿರಲಿಲ್ಲ. ಆಷಾಢದ ಗಾಳಿಗೆ ಎರಡು ತಗಡು ಹಾರಿಹೋದವಂತೆ. ಇದೇ ನಕ್ಷೆ ಹಿರೇಬೆಣಕಲ್ಲಿಗೂ ಬಂದರೆ ಏನು ಗತಿ?

ಇತ್ತೀಚೆಗೆ ಸ್ವಿಟ್ಜರ್ಲೆಂಡಿನಲ್ಲಿ ಪರ್ವತ ಹತ್ತುವವರು ರಾತ್ರಿ ತಂಗುವ ಮೊಂಟೆ ರೋಸಾ ಗುಡಿಸಲಿನ ಬಗ್ಗೆ ಓದಿದೆ. 2,883 ಮೀಟರ್ ಎತ್ತರ, ರಸ್ತೆಯಿಲ್ಲ, ಸಾಮಾನೆಲ್ಲ ಹೆಲಿಕಾಪ್ಟರಿನಲ್ಲಿ ಹೊತ್ತು 2009ರಲ್ಲಿ ಕಟ್ಟಿದ್ದು. ಒಳಗೆ ಮರ, ಹೊರಗೆ ಅಲ್ಯೂಮಿನಿಯಂ ಹೊದಿಕೆ, ಬಿಸಿಲು ಬೀಳುವ ದಕ್ಷಿಣದ ಗೋಡೆಗೆ ಸೋಲಾರ್, ಹಿಮ ಕರಗಿದ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಳಕೆ. ಅದನ್ನೇ ತಂದು ಇಲ್ಲಿ ಕಟ್ಟಿ ಅಂತಲ್ಲ, ಹಾಗೆ ಮಾಡಿದರೆ ಒಳಗಿದ್ದವರು ಬೆಂದೇ ಹೋಗುತ್ತಾರೆ. ನಮ್ಮ ಕಾಟ ಯಾವುದು ಅಂತ ಮೊದಲು ನೋಡಬೇಕು, ಅಲ್ವಾ? ಅವರಿಗೆ ರಾತ್ರಿಯ ಚಳಿ, ನಮಗೆ ಹಗಲಿನ ಬಿಸಿಲು.

ಬಿಸಿಲಿಗೆ ಉತ್ತರ ನಮ್ಮ ಊರುಗಳಲ್ಲೇ ಇತ್ತು. ನಮ್ಮ ಅಪ್ಪ ಗೌಂಡಿ. ನಮ್ಮ ಹಳೆ ಮನೆ ಮಣ್ಣಿನ ಮಾಳಿಗೆ: ಎರಡಡಿ ದಪ್ಪದ ಗೋಡೆ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಚಕ್ಕೆ, ಬೇವಿನ ಸೊಪ್ಪು, ಗೇಣುದ್ದ ಮಣ್ಣು, ಕೊನೆಗೆ ನೀರು ಇಳಿಯದ ಹಾಗೆ ಸವಳು ಮಣ್ಣು. ಹೊರಗೆ 42 ಡಿಗ್ರಿ ಇದ್ದಾಗ ಒಳಗೆ ಚಾಪೆ ಹಾಸಿದರೆ ಜೋಂಪು ಹತ್ತುತ್ತಿತ್ತು. ದಪ್ಪ ಗೋಡೆಗೆ ಹತ್ತಿದ ಬಿಸಿಲು ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ರಾತ್ರಿ ಮನೆಯೊಳಗೆ ಧಗೆ, ಅದಕ್ಕೇ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಗುಡ್ಡದ ತಂಗುಮನೆಯಲ್ಲಿ ರಾತ್ರಿ ಇರುವವರೇ ಇಲ್ಲ, ಕರಡಿ ಚಿರತೆ ಓಡಾಡುವ ಜಾಗ, ಇರಲೂಬಾರದು. ಹಗಲಿಗಷ್ಟೇ ಬೇಕಾದ ಮನೆಗೆ ಇದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ.

ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ, ಪಡುವಣಕ್ಕೆ ಕಿಟಕಿ ಬೇಡ. ಬಿಸಿಗಾಳಿ ಮೇಲೆ ಹೋಗಲು ಬೆಳಕಿಂಡಿ ಬೇಕು. ಕೂರಲು ಸ್ಟೀಲ್ ಬೆಂಚಲ್ಲ, ಗೋಡೆಗೆ ಸೇರಿಸಿ ಕಲ್ಲಿನ ಕಟ್ಟೆ. ಮಾಳಿಗೆಯ ಮೇಲೆ ಸುಣ್ಣದ ಗಚ್ಚು ಹಾಕಿದರೆ ಬಿಸಿಲೂ ಹಿಂದಕ್ಕೆ ಹೋಗುತ್ತದೆ, ಮಳೆನೀರೂ ಕೆಸರಾಗದೆ ಸಿಗುತ್ತದೆ. ಲೆಕ್ಕ ಹಾಕಿ: ನಮ್ಮಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂತ ಹಿಡಿದರೂ 100 ಚದರ ಮೀಟರ್ ಮಾಳಿಗೆ ಮೇಲೆ ಬೀಳುವುದು 50,000 ಲೀಟರ್. ಐದರಲ್ಲಿ ಒಂದು ಭಾಗ ಹಾಳಾದರೂ 40,000 ಲೀಟರ್ ತೊಟ್ಟಿಗೆ ಬರುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಕುಡಿಯಲು ಸೋಸಬೇಕು, ತೊಟ್ಟಿ ಮುಚ್ಚಿರಬೇಕು, ಇಲ್ಲದಿದ್ದರೆ ಸೊಳ್ಳೆ.

ಶೌಚಾಲಯದ ಮಾತು ಯಾರೂ ಎತ್ತುವುದಿಲ್ಲ. ಹೆಂಗಸರು ಮೇಲೆ ಹೋಗುವ ಮುಂಚೆ ನೀರೇ ಕುಡಿಯುವುದಿಲ್ಲ, ಆಮೇಲೆ ತಲೆ ಸುತ್ತು ಬಂತು ಅಂತೀವಿ. ಬಂಡೆಯಲ್ಲಿ ಗುಂಡಿ ತೋಡಲಾಗದು. ಬುಡದಲ್ಲಿ ಎರಡು ಗೂಡಿನ ಒಣ ಶೌಚಾಲಯ ಮಾಡಿ, ಬೂದಿ ಹಾಕುತ್ತಾ ಒಂದು ತುಂಬಿದಾಗ ಮುಚ್ಚಿ ಇನ್ನೊಂದು ಬಳಸಿದರೆ ನೀರೂ ಬೇಡ.

ಮಾಳಿಗೆಗೆ ವರ್ಷವರ್ಷ ಆರೈಕೆ ಬೇಕು, ನಿಜ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚದಿದ್ದರೆ ಸೋರುತ್ತದೆ. ತಗಡಿಗೆ ಆ ರಗಳೆಯಿಲ್ಲ, ಟೆಂಡರಿನಲ್ಲಿ ದರ ಬರೆಯಲೂ ಸುಲಭ, ಅದಕ್ಕೇ ಎಲ್ಲ ಕಡೆ ತಗಡೇ. ಆದರೆ ಊರಿನ ನಾಲ್ಕು ಜನರಿಗೆ ಇದರ ಕೆಲಸವನ್ನೇ ಕೊಟ್ಟರೆ ಬಂದವರಿಗೆ ಟಿಕೆಟ್ ಇಟ್ಟು ಆ ದುಡ್ಡಿನಲ್ಲೇ ನಡೆಸಬಹುದು.

ಗಚ್ಚು ಅರೆದು ಹಾಕಲು ಬರುವ ಗೌಂಡಿ ನನಗೆ ಗೊತ್ತಿರುವಂತೆ ನಮ್ಮ ಓಣಿಯಲ್ಲಿ ಒಬ್ಬರೇ ಉಳಿದಿದ್ದಾರೆ. ಅಪ್ಪನ ಜೊತೆ ಕೆಲಸ ಮಾಡಿದವರು. ಮೊನ್ನೆ ಕೇಳಿದೆ, "ಹುಡುಗರ್ನ ಕೊಡ್ರಿ, ಕಲಿಸ್ತೀನಿ" ಅಂದರು. ಅವರಿಗೆ ಎಪ್ಪತ್ತು ದಾಟಿದೆ. ಕಟ್ಟುವುದಿದ್ದರೆ ಬೇಗ ಕಟ್ಟಲಿ.

ಗಂಗಾವತಿಯ ಒಬ್ಬ ಓದುಗ