ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಚಟ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ಬೈಕ್ ಓಡಿಸದೆ ನಿಲ್ಲಿಸಿಡುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಸಲಹೆಗಳನ್ನು ಓದಿದೆ. ಗಾಡಿ ತೊಳೆದು ಒರೆಸಿ, ಚೈನಿಗೆ ಲೂಬ್ ಹಾಕಿ, ಹೊದಿಕೆ ಹೊದಿಸಿ. ಎಲ್ಲ ಸರಿಯೇ. ಆದರೆ ನಡುವೆ ಒಂದು ಸಾಲಿತ್ತು: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಐದು ನಿಮಿಷ ಬಿಟ್ಟು ಆಫ್ ಮಾಡಿ, ಗಾಡಿ ಚೆನ್ನಾಗಿರುತ್ತದೆ ಅಂತ. ನಾನು ಬೈಕ್ ಮೆಕ್ಯಾನಿಕ್. ಚಳಿಗಾಲ ಮುಗಿಯುತ್ತಿದ್ದ ಹಾಗೆ ನನ್ನ ಹತ್ತಿರ ತಳ್ಳಿಕೊಂಡು ಬರುವ ಗಾಡಿಗಳಲ್ಲಿ ಈ ಐದು ನಿಮಿಷದ ಆರೈಕೆ ಪಡೆದವು ಬೇಕಾದಷ್ಟಿರುತ್ತವೆ. ನನ್ನ ಹೊಟ್ಟೆಪಾಡಿಗೆ ಅದರಿಂದ ನಷ್ಟವೇನಿಲ್ಲ. ಆದರೂ ಆ ಸಾಲನ್ನು ನೀವು ತಿದ್ದಿ ಹಾಕಬೇಕು.

ಪೆಟ್ರೋಲ್ ಉರಿದರೆ ಬರೀ ಹೊಗೆ ಬರುವುದಿಲ್ಲ, ನೀರೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಕೇಳಿದವರು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದ ಗಾಡಿಯ ಸೈಲೆನ್ಸರ್ ಬಾಯಿಂದ ಹನಿ ಬೀಳುವುದನ್ನು ನೋಡಿರುತ್ತೀರಲ್ವಾ, ಅದೇ ಇದು. ಗಾಡಿ ದೂರ ಓಡಿದರೆ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ, ಆವಿ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿದರೆ ಕೊನೆಯ ತನಕ ಬಿಸಿಯೇ ತಲುಪುವುದಿಲ್ಲ. ನೀರು ಒಳಗೇ ಉಳಿದು ಸೈಲೆನ್ಸರನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಕ್ರೋಮ್ ಪಳಪಳ ಅನ್ನುತ್ತಿರುತ್ತದೆ, ಒಳಗೆ ತುಕ್ಕು.

ಇಂಜಿನ್ನಿನ ಕಥೆಯೂ ಅದೇ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಆವಿ ಕೆಳಗೆ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಆಯಿಲ್ ಕಾಯ್ದಿದ್ದರೆ ಅದು ಮತ್ತೆ ಹಾರಿಹೋಗುತ್ತದೆ. ತಣ್ಣಗಿದ್ದರೆ ಅಲ್ಲೇ ಬೆರೆಯುತ್ತದೆ. ಇಂಥ ಗಾಡಿ ಬಂದಾಗ ನಾನು ಮೊದಲು ಬಿಚ್ಚುವುದು ಆಯಿಲ್ ಹಾಕುವ ಮುಚ್ಚಳ. ಅದರ ಒಳಮೈಗೆ ಹಾಲಿನ ಕೆನೆಯ ಹಾಗೆ ಬಿಳಿಯ ಜಿಡ್ಡು ಅಂಟಿರುತ್ತದೆ. ಬೆರಳಲ್ಲಿ ಬಳಿದು ಮಾಲೀಕರಿಗೆ ತೋರಿಸುತ್ತೇನೆ. ಇಂಜಿನ್ನಿನ ತಲೆಭಾಗವನ್ನು ಸೋರದಂತೆ ಮುಚ್ಚುವ ಹೆಡ್ ಗ್ಯಾಸ್ಕೆಟ್ ಹೋಯಿತಾ ಅಂತ ಗಾಬರಿ ಬೀಳುತ್ತಾರೆ. ಎಷ್ಟೋ ಸಲ ಗ್ಯಾಸ್ಕೆಟ್ ನೆಟ್ಟಗೇ ಇರುತ್ತದೆ, ವಾರವಾರ ಸೇರಿದ ನೀರು ಅಷ್ಟೇ.

ಬ್ಯಾಟರಿಗೂ ಇದರಿಂದ ಲಾಭವಿಲ್ಲ. ಸೆಲ್ಫ್ ಒತ್ತಿದಾಗ ಮೋಟಾರ್ ಜಗ್ಗುವ ಕರೆಂಟ್ ದೊಡ್ಡದು. ಗಾಡಿ ನಿಂತಲ್ಲೇ ಇಂಜಿನ್ ಓಡುವ ಐಡ್ಲಿಂಗಿನಲ್ಲಿ ತುಂಬುವ ಚಾರ್ಜ್ ಸಣ್ಣದು. ಎಷ್ಟೋ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸುವುದಕ್ಕೂ ಬರುವುದಿಲ್ಲ, ಅದೂ ಒಂದು ಪಾಲು ತಿನ್ನುತ್ತದೆ. ಇನ್ನು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸುವುದಂತೂ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುತ್ತದೆ. ಇದನ್ನು ನಿಮ್ಮ ಸಲಹೆಯಲ್ಲಿ ಎಲ್ಲೂ ಹೇಳಿರಲಿಲ್ಲ.

ಸ್ಟಾರ್ಟ್ ಮಾಡದಿದ್ದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಕಟ್ಟಿಕೊಳ್ಳುವುದಿಲ್ಲವಾ ಅಂತ ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಅದರ ತಳದ ಸಣ್ಣ ಬಟ್ಟಲು, ಅಂದರೆ ಫ್ಲೋಟ್ ಬೌಲಿನಲ್ಲಿ ಉಳಿದ ಪೆಟ್ರೋಲ್ ನಿಧಾನಕ್ಕೆ ಆರಿ, ಹಿಂದೆ ಒಂದು ಅಂಟು ಬಿಟ್ಟುಹೋಗುತ್ತದೆ. ಇಂಜಿನ್ ನಿಧಾನಕ್ಕೆ ಓಡುವಾಗ ಪೆಟ್ರೋಲ್ ಬಿಡುವ ಪೈಲಟ್ ಜೆಟ್ಟಿನ ತೂತು ಎಷ್ಟು ಸಣ್ಣದು ಅಂದರೆ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಬೇಕು. ಅಲ್ಲಿ ಅಂಟು ಕೂತರೆ ಗಾಡಿ ಚೋಕ್ ಎಳೆದಾಗ ಮಾತ್ರ ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಅದಕ್ಕೆ ಪರಿಹಾರ ಬೌಲ್ ಖಾಲಿ ಮಾಡುವುದು. ಪೆಟ್ರೋಲ್ ನಾಬ್ ಆಫ್ ಮಾಡಿ, ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಇಂಜಿನ್ ತಣ್ಣಗಿರುವಾಗ ಒಂದು ಬಾಟಲಿಗೆ ಇಳಿಸಿಕೊಳ್ಳಿ. ಹತ್ತಿರ ಬೆಂಕಿ, ಬೀಡಿ ಯಾವುದೂ ಇರಬಾರದು. ಕಾರ್ಬೊರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಲ್ಲಿ ಈ ಕೆಲಸವೇ ಇಲ್ಲ. ಅದರ ಪಂಪ್ ಪೆಟ್ರೋಲಿನಲ್ಲಿ ಮುಳುಗಿರಬೇಕು, ಒಣಗಿಸಬೇಡಿ.

ಟ್ಯಾಂಕ್ ಮಾತ್ರ ತುಂಬಿಸಿಡಿ. ಸುಮ್ನೆ ದುಡ್ಡು ಯಾಕೆ ಅಂತ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸುವವರೇ ಜಾಸ್ತಿ. ಖಾಲಿ ಜಾಗದಲ್ಲಿ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ರಾತ್ರಿ ಚಳಿಗೆ ಅದು ತಗಡಿನ ಮೇಲೆ ಹನಿಯಾಗಿ ಕೂರುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಾದರೆ ಇನ್ನೊಂದು ತಾಪತ್ರಯ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಇಂಜಿನ್ನಿಗೆ ಪೆಟ್ರೋಲ್ ಹೋಗುವುದೂ ತಳದಿಂದಲೇ. ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಸಿಗುತ್ತದೆ. ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಹಾಕಿ, ಆಮೇಲೆ ಒಂದಷ್ಟು ದೂರ ಓಡಿಸಿ, ಅದು ಕಾರ್ಬೊರೇಟರಿಗೋ ಇಂಜೆಕ್ಟರಿಗೋ ತಲುಪಲಿ. ವಾಪಸ್ ಬಂದಾಗ ಇಂಜಿನ್ ಬಿಸಿ ಇರುತ್ತದಲ್ಲ, ಆಗಲೇ ಆಯಿಲ್ ಬದಲಿಸಿ. ಚಳಿಗಾಲ ಮುಗಿದ ಮೇಲೆ ಬದಲಿಸೋಣ ಅನ್ನುವುದು ಉಲ್ಟಾ ಲೆಕ್ಕ. ಹಳೇ ಆಯಿಲಿನಲ್ಲಿ ಲೋಹ ತಿನ್ನುವ ಆಸಿಡ್ ಅಂಶವೂ ತೇವವೂ ಸೇರಿರುತ್ತದೆ, ಅದನ್ನು ತಿಂಗಳುಗಟ್ಟಲೆ ಬೇರಿಂಗ್ ಮೇಲೆ ಯಾಕೆ ಬಿಡಬೇಕು?

ಬ್ಯಾಟರಿ ಬಿಚ್ಚಿ ಒಳಗಿಟ್ಟುಕೊಳ್ಳಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಗಾಡಿಯ ಫ್ರೇಮ್ ಪೂರ್ತಿ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪಾನರ್ ಫ್ರೇಮಿಗೆ ತಾಗಿದರೆ ಕಿಡಿ ಹಾರುತ್ತದೆ. ಪೂರ್ತಿ ಚಾರ್ಜ್ ಆದ ಸೀಸದ ಬ್ಯಾಟರಿ 12.6 ವೋಲ್ಟಿಗಿಂತ ಮೇಲೆ ತೋರಿಸುತ್ತದೆ. 12.4ಕ್ಕೆ ಇಳಿದರೆ ಚಾರ್ಜಿಗೆ ಹಾಕಿ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಹಿಡಿಯುವುದಿಲ್ಲ. ಹಿಮ ಬೀಳುವ ಕಡೆ ಇನ್ನೂ ಒಂದಿದೆ: ತುಂಬಿದ ಬ್ಯಾಟರಿ ಕಡು ಚಳಿಯನ್ನೂ ತಡೆಯುತ್ತದೆ, ಖಾಲಿ ಬ್ಯಾಟರಿಯ ಒಳಗೆ ಹೆಚ್ಚೂಕಡಿಮೆ ನೀರೇ ಉಳಿದಿರುವುದರಿಂದ ಹೆಪ್ಪುಗಟ್ಟಿ ಡಬ್ಬ ಸೀಳುತ್ತದೆ. ಲಿಥಿಯಂ ಬ್ಯಾಟರಿಯಾದರೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು. ಅಂದಹಾಗೆ, ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಅನ್ನುವುದು ಹಳೇ ಮಾತು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ಅದು ಸಲ್ಲುವುದಿಲ್ಲ. ನೆಮ್ಮದಿಯಾಗಿ ಇಡಿ.

ರೇಡಿಯೇಟರ್ ಇರುವ ಗಾಡಿಗೆ ಬರೀ ನೀರು ತುಂಬಿಸಿದ್ದರೆ ಚಳಿಗೆ ಮುಂಚೆ ತೆಗೆದು, ಸುಲಭಕ್ಕೆ ಹೆಪ್ಪುಗಟ್ಟದ ಕೂಲಂಟ್ ಹಾಕಿ. ನೀರು ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಇಂಜಿನ್ ಬ್ಲಾಕ್ ಒಡೆಯಲು ಅಷ್ಟು ಸಾಕು. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಅದಿಲ್ಲದಿದ್ದರೆ ಗಾಳಿ ಸರಿಯಾಗಿ ಹೊಡೆಸಿ, ಆಗಾಗ ಚಕ್ರ ಸ್ವಲ್ಪ ಉರುಳಿಸಿ. ಹೊದಿಕೆ ಬಟ್ಟೆಯದಾಗಿರಲಿ, ಪ್ಲಾಸ್ಟಿಕ್ ಹಾಳೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಇಲಿ ಒಳಗೆ ಸೇರದಿರಲಿ. ಅದಕ್ಕೊಂದು ಕೆಂಪು ದಾರ ಕಟ್ಟಿ ಹ್ಯಾಂಡಲಿಗೆ ಎಳೆದಿಡಿ, ಇಲ್ಲದಿದ್ದರೆ ತೆಗೆಯಲು ಮರೆಯುತ್ತೀರಿ. ಏರ್ ಫಿಲ್ಟರ್ ಡಬ್ಬದಲ್ಲಿ ಇಲಿಗೂಡು ಕಂಡಿದ್ದೇನೆ, ಸೀಟಿನ ಸ್ಪಂಜನ್ನೇ ಕಿತ್ತು ಕಟ್ಟಿತ್ತು.

ಇಷ್ಟು ಮಾಡಿ ಕೀ ತೆಗೆದು ಒಳಗಿಡಿ. ನಡುವೆ ಒಂದು ಒಣ ದಿನ ಸಿಕ್ಕಿ, ಅರ್ಧ ಗಂಟೆಗಿಂತ ಜಾಸ್ತಿ ಓಡಿಸುವ ಮನಸ್ಸಿದ್ದರೆ ಧಾರಾಳವಾಗಿ ಹೊರಗೆ ತೆಗೆಯಿರಿ, ಅದು ಗಾಡಿಗೂ ಒಳ್ಳೆಯದು. ಅಷ್ಟು ಆಗದಿದ್ದರೆ ಮುಟ್ಟಬೇಡಿ. ಚಳಿಗಾಲ ಕಳೆದ ಮೇಲೆ ತೆಗೆಯುವಾಗ ಬ್ರೇಕ್ ಮೊದಲು ನೋಡಿ. ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರಬಹುದು. ಸ್ಟಾರ್ಟ್ ಮಾಡುವ ಮುಂಚೆ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಚಕ್ರ ಹಗುರವಾಗಿ ಉರುಳಿದರೆ ಬಿಟ್ಟುಕೊಂಡಿದೆ ಅಂತ ಅರ್ಥ.

ಇತಿ,
ನಿಮ್ಮ ಖಾಯಂ ಓದುಗ
ಒಬ್ಬ ಬೈಕ್ ಮೆಕ್ಯಾನಿಕ್