ನಾಲ್ಕು ಅಕ್ಷರದ ಫಲಿತಾಂಶ, ನಿನ್ನ ಕರಡು

ಪ್ರೀತಿಯ ತಂಗಿ,

ನಿನ್ನ ಕಾಗದ, ಜೊತೆಗಿದ್ದ ಕಥೆ, ಎರಡೂ ತಲುಪಿದವು. ವ್ಯಕ್ತಿತ್ವ ಪರೀಕ್ಷೆ ಮಾಡಿದೆ, ಐಎನ್‌ಎಫ್‌ಪಿ ಅಂತ ನಾಲ್ಕು ಅಕ್ಷರದ ಫಲಿತಾಂಶ ಬಂತು, "ನನ್ನಂಥವರಿಗೆ ಶಿಸ್ತು ಒಗ್ಗೋದಿಲ್ಲವಂತೆ, ಅದಕ್ಕೇ ಕಾದಂಬರಿ ಮುಗೀತಿಲ್ಲ" ಅಂತ ಬರೆದಿದ್ದೀಯ. ಓದಿ ಕಳವಳವಾಯಿತು. ನಮ್ಮ ತಲೆ ಹೇಗೆ ಓಡುತ್ತದೆ ಅಂತ ತಿಳಿಯುವ ಆಸೆ ಒಳ್ಳೆಯದೇ, ಬರೆಯುವವರಿಗಂತೂ ಬೇಕೇ ಬೇಕು. ಆದರೆ ನೀನು ಆ ಕೆಲಸವನ್ನು ಪೂರ್ತಿ ನಾಲ್ಕು ಅಕ್ಷರಕ್ಕೆ ವಹಿಸಿಬಿಟ್ಟಿದ್ದೀಯ.

ಈ ಅಕ್ಷರಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನಸ್ಸಿನ ಬಗೆಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದರು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಅದಕ್ಕೆ ಮಾರುಹೋದರು. ಅವರ ಮಗಳು ಇಸಾಬೆಲ್ ಮೈಯರ್ಸ್ ಎರಡನೇ ಮಹಾಯುದ್ಧದ ಹೊತ್ತಿಗೆ ಅದರಿಂದ ಒಂದು ಪ್ರಶ್ನಾವಳಿ ಕಟ್ಟಲು ಕೂತರು. ನಿನ್ನ ನಾಲ್ಕು ಅಕ್ಷರಗಳ ಮೂಲ ಅದೇ, ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಪ್ರತಿ ಅಕ್ಷರಕ್ಕೂ ಎರಡೆರಡು ಆಯ್ಕೆ, ಹಾಗಾಗಿ ಒಟ್ಟು 16 ಬಗೆ. ತಾಯಿ ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಇಸಾಬೆಲ್ ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದವರು. ಆ 16 ಬಗೆಗಳ ವರ್ಣನೆ ಕಾದಂಬರಿಯ ಪಾತ್ರದ ಹಾಗೆ ಓದಿಸಿಕೊಂಡು ಹೋಗುತ್ತದಲ್ವಾ? ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ.

ತೊಡಕು ಇರುವುದು ಎಳೆದ ಗೆರೆಯಲ್ಲಿ. ನಿನ್ನ ಮೊದಲ ಅಕ್ಷರ ಐ, ಅಂದರೆ ಅಂತರ್ಮುಖಿ. ಜನರನ್ನು ಅಳೆದು ನೋಡಿದರೆ ಹೆಚ್ಚಿನವರು ಅಂತರ್ಮುಖಿಗೂ ಬಹಿರ್ಮುಖಿಗೂ ನಡುವೆ ಎಲ್ಲೋ ಇರುತ್ತಾರೆ. ಪರೀಕ್ಷೆ ಸರಿಯಾಗಿ ಆ ನಡುವಿನಲ್ಲೇ ಗೆರೆ ಎಳೆಯುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು 35 ಬೇಕಿದ್ದ ಕಾಲದಲ್ಲಿ 34 ಬಂದವನಿಗೂ 35 ಬಂದವನಿಗೂ ಬುದ್ಧಿಯಲ್ಲಿ ಏನು ವ್ಯತ್ಯಾಸವಿತ್ತು? ಆದರೂ ಒಬ್ಬ ಫೇಲು, ಇನ್ನೊಬ್ಬ ಪಾಸು. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಎಷ್ಟೋ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ.

"ಆದರೆ ಅಕ್ಕಾ, ಓದಿದರೆ ನನ್ನನ್ನೇ ನೋಡಿ ಬರೆದ ಹಾಗಿದೆ" ಅಂತೀಯ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ "ಇದು ನಿನ್ನ ವ್ಯಕ್ತಿತ್ವ" ಅಂತ ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಿದೆ ಅಂತ ಅಂಕ ಹಾಕಿಸಿದ. ಸರಾಸರಿ ಐದಕ್ಕೆ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಮಾತುಗಳನ್ನು ಅವನು ಆರಿಸಿಕೊಂಡಿದ್ದು ಒಂದು ಜ್ಯೋತಿಷ್ಯದ ಪುಸ್ತಕದಿಂದ. ಕೆಲವೊಮ್ಮೆ ಜನರೊಡನೆ ಬೆರೆಯುತ್ತೀರಿ, ಕೆಲವೊಮ್ಮೆ ಮುದುಡಿಕೊಳ್ಳುತ್ತೀರಿ ಎಂಬಂಥ ಮಾತು. ಯಾರಿಗೆ ತಾನೇ ಹೊಂದುವುದಿಲ್ಲ ಹೇಳು?

ಈಗ ನಿನ್ನ ಕಥೆಗೆ ಬರೋಣ. ನಿನ್ನ ಫಲಿತಾಂಶದ ಎರಡನೇ ಅಕ್ಷರ ಎನ್. ಅಂದರೆ ಕಣ್ಣಿಗೆ ಕಾಣುವ ವಿವರಕ್ಕಿಂತ ಒಳಾರ್ಥ, ಸಾಧ್ಯತೆಗಳ ಕಡೆ ಮನಸ್ಸು ಓಡುವವರು. ಆದರೆ ರೇಷನ್ ಅಂಗಡಿಯ ಮುಂದಿನ ಆ ಪುಟ ಬರೆದವರು ಯಾರು? ಬೆಳಗಿನ ಜಾವವೇ ಸಾಲಿನಲ್ಲಿ ಚೀಲ ಇಟ್ಟು, ಮೇಲೆ ಕಲ್ಲು ಹೇರಿ ಮನೆಗೆ ಹೋಗುವ ಆ ಹೆಂಗಸು. ಹರಿದ ಚೀಲದ ಕಿವಿಗೆ ಹಳೆ ಸೀರೆಯ ಅಂಚು ಹೊಲಿದಿದ್ದಾಳೆ. ವಾಪಸ್ ಬಂದಾಗ ಕಲ್ಲು ಇದ್ದಲ್ಲೇ ಇದೆ, ಚೀಲ ಮಾತ್ರ ಎರಡು ಜಾಗ ಹಿಂದೆ ಹೋಗಿದೆ. ಅವಳು ಏನೂ ಅನ್ನುವುದಿಲ್ಲ, ಅಂಚನ್ನು ಬೆರಳಿನಿಂದ ತಿರುಗಿಸುತ್ತಾ ನಿಲ್ಲುತ್ತಾಳೆ. ಕಥೆಯಲ್ಲಿ ಜೀವ ಇರುವುದೇ ಅಲ್ಲಿ. ಆಮೇಲೆ ಬಡತನದ ಬಗ್ಗೆ ಅರ್ಧ ಪುಟ ವಿಚಾರ ಬರುತ್ತದಲ್ಲ, ಅಲ್ಲಿ ನಿನ್ನ ಬರಹ ಸೊರಗುತ್ತದೆ. ನೀನು ಯೋಚಿಸುವ ರೀತಿಗೆ ಈ ಎರಡು ಪುಟಗಳಿಗಿಂತ ಗಟ್ಟಿ ಸಾಕ್ಷಿ ನನಗೆ ಬೇಡ. ಆ ವಿಚಾರದ ಭಾಗ ತೆಗೆದುಹಾಕು.

ಪರೀಕ್ಷೆಯನ್ನು ಎಸೆದುಬಿಡು ಅನ್ನುತ್ತಿಲ್ಲ. ಅದರ ಪ್ರಶ್ನೆಗಳು ಒಳ್ಳೆಯವು. ಒಂದು ನೋಟ್‌ಬುಕ್ ತಗೊಂಡು ಪ್ರತಿ ಪ್ರಶ್ನೆಯ ಕೆಳಗೆ ಹೌದು, ಇಲ್ಲ ಅಂತ ಬರೆಯುವ ಬದಲು ಇತ್ತೀಚೆಗೆ ನಡೆದ ಒಂದು ಸಂಗತಿ ಬರೆ. "ಮೊದಲೇ ಯೋಜನೆ ಹಾಕುತ್ತೀರಾ?" ಅಂತ ಕೇಳಿದರೆ, ಈ ಕಥೆಯನ್ನು ಶುರು ಮಾಡುವಾಗ ಕೊನೆ ಗೊತ್ತಿತ್ತಾ, ಇಲ್ಲವಾದರೆ ಯಾವ ಸಾಲಿನಲ್ಲಿ ಗೊತ್ತಾಯಿತು, ಅದನ್ನು ಬರೆ. ಪಾತ್ರದ ಹೆಸರು ಮೊದಲು ಬಂತಾ, ದನಿ ಕೇಳಿಸಿತಾ, ಚಿತ್ರ ಕಂಡಿತಾ? ಬರೆಯುವುದು ಬಿಟ್ಟು ಯಾವ ಹೊತ್ತಿನಲ್ಲಿ ಎದ್ದುಹೋಗುತ್ತೀಯ? ಇನ್ನೊಂದು ಮಾತು. ಸಂಶೋಧಕರು ಈಗ ಜಾಸ್ತಿ ನಂಬುವುದು ಬಿಗ್ ಫೈವ್ ಅನ್ನುವ ಅಳತೆಯನ್ನು. ಅದು ಬಗೆ ಹೇಳುವುದಿಲ್ಲ, ಐದು ಗುಣಗಳು ಎಷ್ಟೆಷ್ಟು ಇವೆ ಅಂತ ಹೇಳುತ್ತದೆ. ಶಿಸ್ತು ಅದರಲ್ಲಿ ಒಂದು. ಸಾಮಾನ್ಯವಾಗಿ ವಯಸ್ಸಾಗುತ್ತಾ ಶಿಸ್ತು ಏರುತ್ತದೆ ಅಂತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಿನಗಿನ್ನೂ ಚಿಕ್ಕ ವಯಸ್ಸು, ಈಗಲೇ "ನಾನು ಹೀಗೇ" ಅಂತ ಬೀಗ ಹಾಕಬೇಡ.

ಕಾದಂಬರಿಯ ಮುಂದಿನ ಅಧ್ಯಾಯ ಕಳಿಸುವಾಗ ನೀಟಾಗಿ ಟೈಪ್ ಮಾಡಿದ್ದು ಬೇಡ. ಹೊಡೆದುಹಾಕಿದ ಸಾಲು, ಅಂಚಿನಲ್ಲಿ ಗೀಚಿದ್ದು ಎಲ್ಲ ಇರುವ ಮೊದಲ ಕರಡನ್ನೇ ಕಳಿಸು. ಎಲ್ಲಿ ತಡವರಿಸುತ್ತೀಯ, ಎಲ್ಲಿ ಓಡುತ್ತೀಯ ಅಂತ ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಅಕ್ಕ